ಜೈನಬಕ್ಕನ ಹೆರೆಮಣೆ

ಶಾಲೆಯ ಬಸ್ಸು ಆ ಬೆಳಿಗ್ಗೆ ಮತ್ತೆ ಹಾರ್ನ್ ಹೊಡೆಯಿತು. ಮಿಸ್ಬಾಹನನ್ನು ಮಣ್ಣು ಮಾಡಿದ ಮೇಲೆ ಮೂರು ದಿನ ಡ್ರೈವರು ಅರಬಿ ನಾಡಿನ ಥುಕ್ಬಾದ ಆ ಗಲ್ಲಿಯ ಬಾಯಲ್ಲೇ ಬಸ್ಸು ನಿಲ್ಲಿಸಿ, ಕಟ್ಟಡದ ಮಕ್ಕಳು ತಾವಾಗಿ ನಡೆದು ಬರುವವರೆಗೆ ಸುಮ್ಮನೆ ಕಾದಿದ್ದ. ಇಂದು ಅವನು ನೇರ ಕಿಟಕಿಯ ಕೆಳಗೇ ಬಂದು ನಿಂತ. ಮೂರನೆಯ ಮಹಡಿಯಲ್ಲಿ, ಹಾಸಿಗೆಯ ತನ್ನ ಬದಿಯಲ್ಲಿ ಮಾತ್ರ ಮಲಗಿದ್ದ ಮುಹ್ಸಿನಾಗೆ ಸಿಟ್ಟು ಬರಲಿಲ್ಲ. ಬರಬೇಕಾಗಿತ್ತು ಎಂದಷ್ಟೇ ಅನಿಸಿತು. ಗಂಡ ಸತ್ತಂದಿನಿಂದ ಅವಳಿಗೆ ಎಲ್ಲವೂ ಹೀಗೆಯೇ. ಅಳು ಬರಬೇಕು, ಹಸಿವಾಗಬೇಕು, ಹೆದರಿಕೆಯಾಗಬೇಕು ಎಂದು ಯಾರೋ ಬದಿಯಲ್ಲಿ ನಿಂತು ನೆನಪಿಸುತ್ತಿದ್ದ ಹಾಗೆ, ಅವಳು ತಲೆಯಾಡಿಸಿ ಒಪ್ಪಿಕೊಳ್ಳುತ್ತಿದ್ದ ಹಾಗೆ. ಬರುವುದು ಮಾತ್ರ ಏನೂ ಬರುತ್ತಿರಲಿಲ್ಲ. ಕೆಳಗೆ ಕುಂಞಿಕಾಕ ತಮ್ಮ ಬಕಾಲಾ ಅಂಗಡಿಯ ಷಟರ್ ಎತ್ತಿದರು. ನೀರಿನ ಟ್ಯಾಂಕರಿನವನು ಪೈಪು ಎಳೆದ. ನಿನ್ನೆಯವರೆಗೆ ಈ ಸದ್ದುಗಳೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ್ದವು. ಮೂರು ದಿನವೂ ಅವಳ ಬದಿಯಲ್ಲೇ ಚಾಪೆ ಹಾಕಿ ಮಲಗಿದ್ದ ಜೈನಬಕ್ಕ, ಕುಂಞಿಕಾಕನ ಹೆಂಡತಿ, ನಿನ್ನೆ ಸಂಜೆ ಚಾಪೆ ಸುತ್ತಿಕೊಂಡು ಕೆಳಗಿಳಿಯುವಾಗ ಹೇಳಿದ್ದರು: "ಇನ್ನು ನಿನಗೆ ಅಭ್ಯಾಸ ಆಗ್ಬೇಕಲ್ಲ ಮೋಳೇ."

ಒಂಬತ್ತರ ಹೊತ್ತಿಗೆ ಫೋನು ಬಡಿದುಕೊಂಡಿತು. ಮಿಸ್ಬಾಹನ ಅಣ್ಣ ಖಲೀಲುರ್ರಹ್ಮಾನ್. ಮಣ್ಣಿಗೆಂದು ದೂರದ ಜಿಜಾನಿನಿಂದ ಬಂದವನು ನಿನ್ನೆಯೇ ಕೆಲಸಕ್ಕೆ ಹಿಂದಿರುಗಿದ್ದ. ತಿಂಗಳ ಕೊನೆಗೆ ಕಂಪನಿಗೆ ಮನೆ ಬಿಟ್ಟುಕೊಡಬೇಕು, ಅವಳ ವಾಸದ ಪರವಾನಗಿ ಇಕಾಮಾ ಇದ್ದದ್ದು ಗಂಡನ ಹೆಸರಿನ ಮೇಲೆ, ವಿಧವೆ ಕಳೆಯಬೇಕಾದ ಇದ್ದತಿನ ಉಳಿದ ದಿನಗಳನ್ನು ಪಾಣೆಮಂಗಳೂರಿನ ತಾಯಿಮನೆಯಲ್ಲಿ ಮುಗಿಸಬಹುದೆಂದು ಉಸ್ತಾದರು ಹೇಳಿದ್ದಾರೆ. ಅವನು ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಎಲ್ಲಿಯಾದರೂ ನಿಲ್ಲಿಸಿದರೆ ಅವಳು ಅತ್ತುಬಿಡುತ್ತಾಳೆ ಎಂಬ ಹೆದರಿಕೆಯಲ್ಲಿ ಹೇಳಿದ. ಕೊನೆಗೆ ಸ್ವರ ತಗ್ಗಿಸಿದ. "ಮತ್ತೆ ಒಂದು ವಿಷಯ. ಮಿಸ್ಬಾಹ್ ಯಾರ ಹತ್ತಿರದಿಂದಾದರೂ ಏನಾದರೂ ತಂದಿಟ್ಟದ್ದು ಉಂಟಾ? ದಫನಿನ ಮುಂಚೆ ಕುಂಞಿಕಾಕ ಎಲ್ಲರ ಎದುರು ಕೇಳಿದರು, ಅವನಿಂದ ಯಾರಿಗಾದರೂ ಬರಲಿಕ್ಕೆ ಉಂಟಾ ಅಂತ. ಯಾರೂ ಏನೂ ಹೇಳಲಿಲ್ಲ. ಆದರೆ ಹೇಳಲಿಕ್ಕೆ ನಾಚಿಕೆ ಆಗ್ತದಲ್ಲ ಕೆಲವರಿಗೆ. ನಿನಗೆ ಗೊತ್ತಿದ್ದರೆ ಹೇಳು. ಅದು ಅವನ ಮೇಲೆ ಇರಬಾರದು."

"ಏನೂ ಇಲ್ಲ ಭಾವ," ಎಂದಳು ಅವಳು.

ಹೇಳಿದ ಮೇಲೆ ಫೋನಿನ ವಯರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಳು. ಅವನ ಮೇಲೆ ಇರಬಾರದು. ಮಣ್ಣಿನ ಕೆಳಗಿರುವವನ ಮೇಲೆ. ಹೆಂಗಸರು ಕಬರಸ್ಥಾನಕ್ಕೆ ಹೋಗುವ ಹಾಗಿಲ್ಲವಾದ್ದರಿಂದ ಅವಳು ನೋಡಿದ್ದು ಆಸ್ಪತ್ರೆಯಲ್ಲಿ, ಬಿಳಿ ಬಟ್ಟೆ ಸರಿಸಿ ತೋರಿಸಿದ ಅಷ್ಟನ್ನು ಮಾತ್ರ. ಕಂಪನಿಯ ಗೋದಾಮಿನಲ್ಲಿ ಸರಕಿನ ಪಟ್ಟಿ ಓದುತ್ತ ನಿಂತಿದ್ದವನು ಎದೆ ಹಿಡಿದುಕೊಂಡು ಕುಳಿತನಂತೆ, ಮತ್ತೆ ಏಳಲಿಲ್ಲವಂತೆ. ಮುಖ ಮುಖದ ಹಾಗೆಯೇ ಇತ್ತು. ಅವಳ ಕಣ್ಣು ಹೋಗಿ ನಿಂತದ್ದು ಬಟ್ಟೆಯ ಹೊರಗೆ ಉಳಿದಿದ್ದ ಎಡಗೈ ಹೆಬ್ಬೆರಳಿನ ಪ್ಲಾಸ್ಟರಿನ ಮೇಲೆ. ಅಂಚು ಎದ್ದು ಕೊಳೆಯಾಗಿತ್ತು. ಇವರು ಇದನ್ನು ಬದಲಿಸಿಕೊಳ್ಳಲೇ ಇಲ್ಲವಲ್ಲ ಎಂದು ಅನಿಸಿತ್ತು, ಅಷ್ಟೇ. ಆಮೇಲೆ ಮಯ್ಯಿತ್‌ಗೆ ಕೊನೆಯ ಸ್ನಾನ ಮಾಡಿಸಿ ಬಂದ ಕುಂಞಿಕಾಕ ಬಾಗಿಲ ಹೊರಗೆ ನಿಂತು ಹೆಂಡತಿಗೆ ಹೇಳುತ್ತಿದ್ದುದು ಒಳಕೋಣೆಗೆ ಕೇಳಿಸಿತ್ತು: "ಹೆಬ್ಬೆರಳಲ್ಲಿ ಗಾಯ ಇತ್ತು. ಪ್ಲಾಸ್ಟರ್ ಮೆಲ್ಲ ತೆಗೆದೆವು, ನೋವಾಗದ ಹಾಗೆ."

ಬಾಗಿಲು ತಟ್ಟಿ ರತ್ನಪ್ರಭಾ ಒಳಗೆ ಬಂದಾಗ ವಯರು ಇನ್ನೂ ಬೆರಳಿನಲ್ಲೇ ಇತ್ತು. ಎರಡನೆಯ ಮಹಡಿಯವಳು, ಮೈಸೂರಿನ ಕಡೆಯವಳು. ಗಂಡ ಶ್ರೀನಾಥ್ ಸಿಮೆಂಟ್ ಕಂಪನಿಯಲ್ಲಿ ಇಂಜಿನಿಯರು. ಕರಾವಳಿಯವರೇ ತುಂಬಿದ್ದ ಕಟ್ಟಡದಲ್ಲಿ ತನ್ನ ರಾಗವನ್ನು ಸ್ವಲ್ಪವೂ ಬಿಟ್ಟುಕೊಡದೆ, ಎಲ್ಲರ ಅಡುಗೆಮನೆಯಲ್ಲೂ ಹಕ್ಕಿನಿಂದ ಓಡಾಡುವವಳು. ಸ್ಟೀಲಿನ ಡಬ್ಬಿಗಳನ್ನು ಮೇಜಿನ ಮೇಲೆ ಬಿಚ್ಚಿ, ತಟ್ಟೆಗೆ ತಾನೇ ಬಡಿಸಿ, ಎದುರು ಕುಳಿತಳು.

"ತಿನ್ನು, ಆರೋಗುತ್ತೆ. ಹುಳಿ ಒಂದು ಸ್ವಲ್ಪ ಪೇಲವ ಆಗಿದೆ ಕಣೆ, ಬೈಕೋಬೇಡ. ಪಾಕೀಟಿನ ಕಾಯಿಪುಡಿ ಹಾಕಿದೀನಿ. ನಿನ್ನೆ ನಮ್ಮನೆಯವರು ಏನಂದ್ರು ಗೊತ್ತಾ? ಏನಿದು, ಬಟ್ಟೆ ಒಗೆಯೋ ಪುಡಿ ಹಾಕ್ಬಿಟ್ಯಾ ಅಂತ."

"ಕಾಯಿ ಸಿಗಲಿಲ್ವಾ?" ಮಾತಾಡಬೇಕೆಂದು ಮಾತಾಡಿದಳು ಮುಹ್ಸಿನಾ.

"ಸಿಗದೆ ಏನು, ಕಾಕನ ಅಂಗಡೀಲಿ ಗುಡ್ಡೆ ಬಿದ್ದಿದೆ. ಈ ವಾರ ಯಾರ ಮನೇಲೂ ತುರಿಯೋಕೆ..." ರತ್ನಪ್ರಭಾ ನಾಲಿಗೆ ಕಚ್ಚಿಕೊಂಡಳು. ಮುಖ ಕೆಂಪಾಯಿತು. "ಅಯ್ಯೋ, ನನ್ನ ಬಾಯಿಗಿಷ್ಟು. ನೀನು ತಿನ್ನಮ್ಮ. ಅನ್ನ ಇನ್ನೊಂದು ಚೂರು ಹಾಕ್ಲಾ?"

ಮುಹ್ಸಿನಾ ತುತ್ತನ್ನು ಬಾಯಲ್ಲೇ ಇಟ್ಟುಕೊಂಡಳು. ಒಣಗಿದ ಕಾಗದವನ್ನು ಸಕ್ಕರೆಯಲ್ಲಿ ಅದ್ದಿದ ಹಾಗಿನ ರುಚಿ. ನಿನ್ನೆ ಜೈನಬಕ್ಕ ತಂದ ಬಂಗುಡೆಯ ಸಾರು ನೀರುನೀರಾಗಿತ್ತು. ಮೊನ್ನೆ ಯಾರದೋ ಮನೆಯಿಂದ ಬಂದ ಪಲ್ಯದಲ್ಲಿ ಸಾಸಿವೆ ಮಾತ್ರ ಇತ್ತು. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚಬಾರದೆಂದು ಮೇಲಿಂದ ಕೆಳಗಿಂದ ಬಂದ ಡಬ್ಬಿಗಳಲ್ಲಿ ಒಂದಕ್ಕೂ ರುಚಿ ಇರಲಿಲ್ಲ. ನನ್ನ ನಾಲಿಗೆ ಸತ್ತಿದೆ ಎಂದುಕೊಂಡಿದ್ದಳು ಅವಳು. ಕಣ್ಣೀರು ಬಾರದ ತನಗೆ ದುಃಖವಾಗಿರುವುದಕ್ಕೆ ಇದ್ದ ಒಂದೇ ಸಾಕ್ಷಿ ಎಂದು ಆ ಸತ್ತ ನಾಲಿಗೆಯನ್ನು ಒಳಗೊಳಗೇ ಜೋಪಾನ ಮಾಡಿಕೊಂಡಿದ್ದಳು ಕೂಡ. ಅದು ದುಃಖವಾಗಿರಲಿಲ್ಲ. ಇಡೀ ಕಟ್ಟಡ ತೆಂಗಿನಕಾಯಿ ಇಲ್ಲದೆ ಅಡುಗೆ ಮಾಡುತ್ತಿತ್ತು. ಕಟ್ಟಡದವರೆಲ್ಲ ಕಾಯಿ ತುರಿಯುತ್ತಿದ್ದ ಜೈನಬಕ್ಕನ ಹೆರೆಮಣೆ ಅವಳ ಮನೆಯಲ್ಲಿತ್ತು. ಗುರುವಾರ ಮಿಸ್ಬಾಹ್ ಕೇಳಿ ತಂದದ್ದು. ಗಂಡ ಸತ್ತ ಮನೆಗೆ ಬಂದು ಅದನ್ನು ಕೇಳುವವರು ಯಾರು?

ರತ್ನಪ್ರಭಾ ಹೋದ ಮೇಲೂ ಅವಳು ತಟ್ಟೆಯ ಎದುರೇ ಕುಳಿತಿದ್ದಳು. ಆ ಹೆರೆಮಣೆಯ ಕಥೆಯನ್ನು ಜೈನಬಕ್ಕ ಹೊಸಬರಿಗೆಲ್ಲ ಹೇಳುವುದುಂಟು. ಎಂಬತ್ತರ ದಶಕದ ಮೊದಲಿಗೆ ಉಪ್ಪಿನಂಗಡಿಯಿಂದ ಹೊರಟ ಅವರು ಈ ಕಟ್ಟಡಕ್ಕೆ ಬಂದ ಮೊದಲ ಹೆಂಗಸು. ಪೆಟ್ಟಿಗೆಯಲ್ಲಿ ಬಟ್ಟೆಯ ಅಡಿಗೆ ಹಲಸಿನ ಮರದ ಮಣೆ, ಅದರ ಕೊಕ್ಕಿನಲ್ಲಿ ಹಲ್ಲು ಹಲ್ಲಿನ ಕಬ್ಬಿಣದ ನಾಲಿಗೆ. "ಏರ್‌ಪೋರ್ಟಿನವನಿಗೆ ಅದು ಕತ್ತಿಯಾ ಕೋವಿಯಾ ಅಂತ ಹೆದರಿಕೆ ಮಾರಾಯ್ತಿ. ಬೆರಳಿಟ್ಟು ನೋಡ್ತಾನೆ, ದೊಡ್ಡವನನ್ನು ಕರೀತಾನೆ. ನಮ್ಮವರಿಗೆ ಆಗ ಅರಬಿ ಎಲ್ಲಿ ಬರ್ತದೆ? ಅಲ್ಲೇ ನೆಲದಲ್ಲಿ ಮಣೆ ಇಟ್ಟು ಕೂತು, ಇಲ್ಲದ ಕಾಯಿಯನ್ನು ಕೆರೆದು ತೋರಿಸಿದರು. ಯಲ್ಲಾ ಯಲ್ಲಾ ಅಂತ ಓಡಿಸಿದ." ಮುಂದೆ ಖೋಬರಿನ ಮಲಯಾಳಿ ಅಂಗಡಿಯಲ್ಲಿ ಹಿಡಿ ತಿರುಗಿಸುವ ಯಂತ್ರ ಬಂತು, ಒಂದಿಬ್ಬರು ತಂದರೂ ಹಿಡಿ ಮುರಿದ ಮೇಲೆ ರಿಪೇರಿ ಮಾಡಿಸದೆ ಕಪಾಟಿನಲ್ಲಿಟ್ಟರು. ಗಂಡಸರಿಲ್ಲದೆ ಗಲ್ಲಿಗೆ ಕಾಲಿಡಲಾಗದ ಹೆಂಗಸರಿಗೆ ಕಟ್ಟಡದ ಮೆಟ್ಟಿಲೇ ಬೀದಿ, ಹೆರೆಮಣೆ ಕೇಳಲು ಹೋಗುವುದೇ ಪೇಟೆಗೆ ಹೋಗುವುದು. ಯಾರ ಬಾಣಂತನ, ಯಾರ ಗಂಡನಿಗೆ ಕೆಲಸ ಕೊಟ್ಟ ಕಫೀಲನ ಕಿರಿಕಿರಿ, ಯಾರಿಗೆ ಊರಿಂದ ಕೆಟ್ಟ ಸುದ್ದಿ, ಎಲ್ಲವೂ ಆ ಮಣೆಯ ಜೊತೆಗೆ ಹತ್ತಿಳಿಯುತ್ತಿತ್ತು. ಹಿಂದಿರುಗಿಸುವಾಗ ಬರಿಗೈಯಲ್ಲಿ ಬರಬಾರದು, ಒಂದು ಬಟ್ಟಲು ತುರಿ ಜೊತೆಗಿರಬೇಕು ಎಂಬುದೊಂದು ಪದ್ಧತಿ. ಹೊಸ ಸಂಸಾರ ಬಂದರೆ, ಅದಕ್ಕೂ ಮೊದಲು ಕೊನೆಯದಾಗಿ ಬಂದ ಮನೆಯವರು ಮೊದಲ ಶುಕ್ರವಾರದ ಊಟ ಹಾಕಬೇಕು ಎಂಬುದು ಇನ್ನೊಂದು. ಯಾರೂ ಕೂತು ಮಾಡಿದ ನಿಯಮಗಳಲ್ಲ. ಕೊಣಾಜೆಯಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡುವಾಗ ಮುಹ್ಸಿನಾ ವಲಸೆ ಹೋದವರು ಸಮುದಾಯ ಕಟ್ಟಿಕೊಳ್ಳುವ ಬಗೆಯ ಕುರಿತು ಪ್ರಬಂಧ ಬರೆದು ಮೇಷ್ಟರಿಂದ ಹೊಗಳಿಸಿಕೊಂಡಿದ್ದಳು. ಅಲ್ಲಿ ಸಮುದಾಯ ಒಂದು ಶಬ್ದವಾಗಿತ್ತು. ಇಲ್ಲಿ ಅದಕ್ಕೆ ಮೀನಿನ ವಾಸನೆ ಇತ್ತು, ಕೇಳದೆಯೇ ಅಡುಗೆಮನೆಯವರೆಗೆ ಬರುತ್ತಿತ್ತು, ಇನ್ನೂ ಮಕ್ಕಳು ಯಾಕಾಗಲಿಲ್ಲ ಎಂದು ಕೇಳುತ್ತಿತ್ತು. ಅವಳು ಬಾಗಿಲು ಹಾಕಿಕೊಂಡಳು. ತಲೆನೋವು ಎಂದಳು, ಓದುವುದಿದೆ ಎಂದಳು.

ಬಾಗಿಲು ತೆರೆದಿಟ್ಟವನು ಮಿಸ್ಬಾಹ್. ಯಾರ ಮನೆಯ ಏಣಿ ಯಾರಿಗೆ ಬೇಕು, ಯಾರ ದೊಡ್ಡ ಪಾತ್ರೆ ಎಲ್ಲಿದೆ ಎಂಬುದು ಅವನಿಗೆ ಬಾಯಿಪಾಠ. ಕೆಳಗಿಳಿದು "ಮುಹ್ಸಿನಾ ಕೇಳಿದಳು" ಎಂದು ಹೆರೆಮಣೆ ತರುವನು; ಅಡುಗೆಮನೆಯ ಬಾಗಿಲು ಮುಚ್ಚಿ, ಸದ್ದು ಹೊರಗೆ ಕೇಳಿಸದ ಹಾಗೆ ಕಿಟಕಿಗೆ ಟವೆಲು ಸಿಕ್ಕಿಸಿ ತಾನೇ ಕುಳಿತು ತುರಿಯುವನು; ಒಂದು ಬಟ್ಟಲು ತೆಗೆದಿಟ್ಟು, "ಮುಹ್ಸಿನಾ ಕೊಟ್ಟಳು" ಎಂದು ಹಿಂದಿರುಗಿಸುವನು. ಈ ಎರಡು ಸುಳ್ಳುಗಳ ನಡುವೆ ಅವಳು ಎರಡು ವರ್ಷ ಆ ಕಟ್ಟಡದ ಹೆಂಗಸಾಗಿ ಬದುಕಿದ್ದಳು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಾಚಿಕೆ, ಆಮೇಲೆ ಸಿಟ್ಟು. ತನಗೆ ಬೇಡವಾದ ಒಳ್ಳೆಯ ಹೆಸರನ್ನು ಈ ಮನುಷ್ಯ ಮನೆಮನೆಗೆ ಹೋಗಿ ಬೇಡಿ ತರುತ್ತಿದ್ದಾನೆ ಎಂಬ ಸಿಟ್ಟು.

ಹೋದ ವಾರ ಮೇಲಿನ ಮಹಡಿಗೆ ಭಟ್ಕಳದ ಹೊಸ ದಂಪತಿ ಬಂದರು. ಅವರಿಗೂ ಮೊದಲು ಕೊನೆಗೆ ಬಂದವರು ಮಿಸ್ಬಾಹ್ ಮತ್ತು ಮುಹ್ಸಿನಾ; ಶುಕ್ರವಾರದ ಊಟದ ಪಾಳಿ ಇವರದು. ಗುರುವಾರ ಸಂಜೆಯ ಅಸರ್ ನಮಾಜು ಮುಗಿಸಿ ಬಂದವನು ಒಂದು ಚೀಲ ಕಾಯಿ ಇಳಿಸಿ, ತೋಳು ಮಡಚಿಕೊಂಡು, ಹೆರೆಮಣೆಯ ಮೇಲೆ ಕುಳಿತ. ಅವಳು ಕೋಣೆಯಲ್ಲಿ ಹಳೆಯ ಮಾಸಪತ್ರಿಕೆ ಹಿಡಿದು ಅದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದಳು. ಕರ್ರ್, ಕರ್ರ್ ಎಂದು ಸದ್ದು. ಆಮೇಲೆ "ಉಮ್ಮಾ" ಎಂದು ಒಮ್ಮೆ. ಆಮೇಲೆ ನಲ್ಲಿ ಬಿಟ್ಟ ಸದ್ದು. ಅವಳು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಬಾಗಿಲಲ್ಲಿ ನಿಂತ; ಹೆಬ್ಬೆರಳಿಗೆ ಪ್ಲಾಸ್ಟರು, ಮೀಸೆಯ ಮೇಲೆ ಬಿಳಿ ತುರಿ, ಕೈಯಲ್ಲಿ ಒಡೆಯದ ಒಂದು ಕಾಯಿ.

"ಒಂದು ಮಾತ್ರ ತುರಿ ಮಾರಾಯ್ತಿ. ಒಂದೇ. ಆಮೇಲೆ ಸುಳ್ಳಾಗುವುದಿಲ್ಲ."

"ನಿಮಗೆ ಬೇಕಾದ್ದು ನಾನಲ್ಲ," ಎಂದಿದ್ದಳು ಅವಳು ಪುಟದಿಂದ ಕಣ್ಣೆತ್ತದೆ. "ಈ ಜನಕ್ಕೆ ತೋರಿಸಲಿಕ್ಕೆ ಒಬ್ಬಳು ಹೆಂಗಸು ಬೇಕು. ಯಾರಾದರೂ ಆಗಬಹುದಿತ್ತು."

ಅವನು ನಕ್ಕಿದ್ದನೇ? ನಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಕಣ್ಣೆತ್ತದಿದ್ದುದರಿಂದ ಅವಳಿಗೆ ಅದು ಗೊತ್ತೇ ಇಲ್ಲ. ಈ ನಾಲ್ಕು ದಿನಗಳಲ್ಲಿ ಅವಳು ಆ ಬಾಗಿಲಿನಲ್ಲಿ ಅವನನ್ನು ಎಷ್ಟೋ ಸಲ ನಿಲ್ಲಿಸಿ ನೋಡಿದ್ದಳು. ಪ್ರತಿ ಸಲವೂ ಮೀಸೆಯ ಮೇಲಿನ ತುರಿ ಕಾಣುತ್ತಿತ್ತು, ಅದರ ಕೆಳಗಿನ ಬಾಯಿ ಕಾಣುತ್ತಿರಲಿಲ್ಲ. "ಆಗಲಿ, ಇದು ನಿನ್ನದು, ಇಲ್ಲೇ ಇರ್ತದೆ," ಎಂದು ಹೇಳಿ ಅವನು ಅಡುಗೆಮನೆಗೆ ಹೋದದ್ದು ಮಾತ್ರ ಕೇಳಿಸಿತ್ತು. ಮರುದಿನ ಹೆಂಗಸರ ಕೋಣೆಯಲ್ಲಿ ಊಟವಾದ ಮೇಲೆ ಭಟ್ಕಳದ ಹುಡುಗಿ ಅವಳ ಎರಡೂ ಕೈ ಹಿಡಿದು, ಇಷ್ಟು ಜನಕ್ಕೆ ಒಬ್ಬರೇ ಹೇಗೆ ಮಾಡಿದಿರಿ ಎಂದು ಕಣ್ಣಿಗೊತ್ತಿಕೊಂಡಳು. ಕೈ ಬಿಡಿಸಿಕೊಳ್ಳಲಾಗದೆ ಮುಹ್ಸಿನಾ ನಕ್ಕಳು. ಜೈನಬಕ್ಕ ಎದುರಿಗೇ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು; ಇವಳ ಕೈಗಳನ್ನೊಮ್ಮೆ ನೋಡಿ, ಮತ್ತೆ ಎಲೆಯನ್ನು ನೋಡಿದರು. ಅದರ ಮರುದಿನ ಶನಿವಾರ ಅವನು ಗೋದಾಮಿನಿಂದ ಹಿಂದಿರುಗಲಿಲ್ಲ.

ಅವಳು ಎದ್ದು ಅಡುಗೆಮನೆಗೆ ಹೋದಳು. ಹೆರೆಮಣೆ ಗ್ಯಾಸ್ ಸಿಲಿಂಡರಿನ ಹಿಂದೆ, ಅದೇ ಟವೆಲಿನಲ್ಲಿ ಸುತ್ತಿಕೊಂಡು ನಿಂತಿತ್ತು. ಬದಿಯಲ್ಲಿ ಅವಳ ಕಾಯಿ. ಟವೆಲು ಬಿಚ್ಚಿದಾಗ ಹಲ್ಲುಗಳ ಸಂದಿನಲ್ಲಿ ಹಳದಿ ತಿರುಗಿದ ತುರಿ ಅಂಟಿತ್ತು, ಅದರ ಕೆಳಗೆ ಕಬ್ಬಿಣದ ಮೇಲೆ ಕಂದು ಬಣ್ಣದ ಒಂದು ಕಲೆ. ತುಕ್ಕಿರಬೇಕು ಎಂದುಕೊಂಡಳು. ಇಲ್ಲದಿದ್ದರೆ ಅವನು. ಅವಳು ನೆಲದ ಮೇಲೆ ಕುಳಿತು ಅದನ್ನು ಮಡಿಲಲ್ಲಿಟ್ಟುಕೊಂಡಳು. ರಕ್ತವಾದರೆ ತೊಳೆಯಲೇಬೇಕು, ಅದು ತಾಗಿದಲ್ಲಿ ತುರಿದದ್ದನ್ನು ಯಾರೂ ತಿನ್ನುವಂತಿಲ್ಲ. ತೊಳೆದರೆ ಅವನ ಮೈಯದೆಂದು ಈ ಮನೆಯಲ್ಲಿ ಉಳಿದಿರುವ ಒಂದೇ ಒಂದು ಚುಕ್ಕೆಯೂ ಥುಕ್ಬಾದ ಚರಂಡಿಗೆ ಹೋಗುತ್ತದೆ. ತೊಳೆಯದೆ ಇಟ್ಟುಕೊಳ್ಳಬಹುದು. ಟವೆಲಿನಲ್ಲಿ ಸುತ್ತಿ, ಸೂಟ್‌ಕೇಸಿನ ಅಡಿಯಲ್ಲಿಟ್ಟು ಪಾಣೆಮಂಗಳೂರಿಗೆ ಒಯ್ಯಬಹುದು. ಯಾರೂ ಕೇಳುವುದಿಲ್ಲ, ಕೇಳದಿರುವುದರಲ್ಲಿ ಈ ಜನ ಗಟ್ಟಿಗರು. ಕಾಯಿಪುಡಿ ತಿನ್ನುತ್ತ ಇದ್ದುಬಿಡುತ್ತಾರೆ. ಅದು ಅವನ ಮೇಲೆ ಇದ್ದುಬಿಡುತ್ತದೆ. ತನಗಾಗಿ ಸುಳ್ಳು ಹೇಳಿ ತಂದದ್ದು, ತಾನು ಮುಟ್ಟದೆ ಇದ್ದದ್ದು, ಎಲ್ಲಿ ಎಂದು ತನಗೆ ಗೊತ್ತೇ ಇಲ್ಲದ ಆ ಮಣ್ಣಿನ ಕೆಳಗೆ ಅವನ ಎದೆಯ ಮೇಲೆ, ಈ ಹಲಸಿನ ಮಣೆಯ ಭಾರದಲ್ಲಿ.

ನಲ್ಲಿಯ ಕೆಳಗೆ ಹಿಡಿದಳು. ಹೆಬ್ಬೆರಳಿನಿಂದ ಮೆಲ್ಲ ಉಜ್ಜಿದಳು. ಕಲೆ ಹೋಯಿತು. ತುಕ್ಕಾಗಿದ್ದರೆ ಹೋಗುತ್ತಿರಲಿಲ್ಲ.

ಕಾಯಿ ಒಡೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಕೊಳೆತಿರಬಹುದು, ಕೊಳೆತಿದ್ದರೆ ಅದೇ ಸರಿ ಎಂದೂ ಅನಿಸಿತು. ಆದರೆ ನೀರು ಸಿಹಿಯಾಗಿಯೇ ಇತ್ತು. ಮಣೆಯ ಮೇಲೆ ಹೇಗೆ ಕೂರುವುದೆಂದು ತಾಯಿಯನ್ನು ನೆನೆದುಕೊಂಡಳು, ಕೂತಳು, ಮೊದಲ ಹೋಳು ಕೈ ಜಾರಿ ಫ್ರಿಜ್ಜಿನ ಅಡಿಗೆ ಉರುಳಿತು. ತೊಳೆದು ಮತ್ತೆ ಹಿಡಿದಳು. ತುರಿ ಉದುರಲಿಲ್ಲ, ಚೂರು ಚೂರಾಗಿ ಮುರಿದು ಬಿತ್ತು. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗದೆ ಚಿಪ್ಪಿನವರೆಗೂ ಕೆರೆದದ್ದರಿಂದ ಬಿಳುಪಿನ ತುಂಬ ಕಂದು ಚುಕ್ಕೆಗಳು. ಕಿಟಕಿಗೆ ಟವೆಲು ಸಿಕ್ಕಿಸಲು ಅವಳಿಗೆ ನೆನಪಾಗಲಿಲ್ಲ. ಕರ್ರ್, ಕರ್ರ್ ಎಂಬ ಸದ್ದು ಕಟ್ಟಡದ ನಡುವಿನ ಗಾಳಿಗುಂಡಿಯಲ್ಲಿ ಇಳಿದು ಹೋಗುತ್ತಿತ್ತು. ಕೆಳಗಿನ ಯಾವುದೋ ಅಡುಗೆಮನೆಯಲ್ಲಿ ನಡೆಯುತ್ತಿದ್ದ ಮಾತು ನಿಂತಿತು.

ಬಟ್ಟಲಿಗೆ ಮುಚ್ಚಳ ಹಾಕಿ, ಮಣೆಯನ್ನು ಕಂಕುಳಲ್ಲಿ ಒತ್ತಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ಅವಳು ಹೊಸ್ತಿಲು ದಾಟಿದಳು. ಇದ್ದತಿನ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಇಳಿಯಬಾರದು. ಹಗಲಲ್ಲಿ, ಬೇರೆ ದಾರಿಯಿಲ್ಲದ ಕೆಲಸವಿದ್ದರೆ ಇಳಿಯಬಹುದು ಎಂದೂ ಹೇಳುತ್ತಾರೆ. ಎರಡನೆಯ ಮಹಡಿಯಲ್ಲಿ ರತ್ನಪ್ರಭಾ ಬಾಗಿಲು ತೆರೆದುಕೊಂಡೇ ನಿಂತಿದ್ದಳು.

"ಏನೇ ಇದು! ನೀನು ಇಳೀಬಾರದಲ್ವೇನೆ? ಕೊಡಿಲ್ಲಿ, ನಾನು ಕೊಟ್ಬರ್ತೀನಿ. ಎಲ್ಲಾ ನನ್ನ ಹಾಳು ಬಾಯಿಂದ ಆಗಿದ್ದು."

"ಬೇಡ ರತ್ನಕ್ಕ. ಅವರು ತಂದದ್ದು."

ರತ್ನಪ್ರಭಾ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಮಣೆಯ ತೂಕ ಇಷ್ಟಿದೆಯೆಂದು ಮುಹ್ಸಿನಾಗೆ ಗೊತ್ತಿರಲಿಲ್ಲ. ಇದನ್ನು ಹಿಡಿದುಕೊಂಡು ಅವನು ಮೂರು ಮಹಡಿ ಸಿಳ್ಳೆ ಹಾಕುತ್ತ ಹತ್ತುತ್ತಿದ್ದ. ಬಾಗಿಲು ತೆರೆಯುವ ಮೊದಲೇ ಆ ಸಿಳ್ಳೆ ಕೇಳಿಸಿ, ಬಂತು ಮತ್ತೆ ಎಂದು ಅವಳು ಹುಬ್ಬು ಗಂಟಿಕ್ಕುತ್ತಿದ್ದಳು.

ಜೈನಬಕ್ಕ ಬಾಗಿಲು ತೆರೆದವರು ಮೊದಲು ಅವಳ ಕಾಲನ್ನು ನೋಡಿದರು. ಬರಿಗಾಲು.

"ಯಾ ಅಲ್ಲಾಹ್. ಎಂತ ಮೋಳೇ ಇದು, ನೀನು ಎಂತಕ್ಕೆ ಇಳಿದದ್ದು? ಒಂದು ಸ್ವರ ಹಾಕಿದ್ದರೆ ನಾನೇ ಬರ್ತಿರಲಿಲ್ಲವಾ?"

"ನೀವು ಮೂರು ದಿನ ಮೇಲೆಯೇ ಇದ್ದಿರಿ. ಕೇಳಲಿಲ್ಲ."

"ಎಂತದು ಕೇಳುವುದು?" ಎಂದವರು ಕಂಕುಳಲ್ಲಿದ್ದುದನ್ನು ನೋಡಿದರು. ಆಮೇಲೆ ಗದರಿದರು: "ಇದನ್ನಾ? ಒಂದು ತುಂಡು ಕಬ್ಬಿಣ. ಇದು ಇಲ್ಲದೆ ನಾವು ಸತ್ತು ಹೋಗ್ತಿದ್ದೆವಾ?" ಸತ್ತು ಎಂಬ ಮಾತು ಬಾಯಿಂದ ಜಾರಿದ್ದಕ್ಕೆ ಸೆರಗನ್ನು ತುಟಿಗೆ ಒತ್ತಿಕೊಂಡರು.

ಮೆಟ್ಟಿಲಿಳಿಯುವಾಗ ಮುಹ್ಸಿನಾ ಹೇಳಬೇಕಾದದ್ದನ್ನು ಜೋಡಿಸಿಟ್ಟುಕೊಂಡಿದ್ದಳು. ಅದರಲ್ಲಿ ಮೂರು ನಾಲ್ಕು ಮಾತುಗಳಿದ್ದವು. ಉಳಿದದ್ದು ಒಂದೇ. "ಇದು ಅವರು ನಿಮ್ಮಿಂದ ತಂದದ್ದು. ಅವರ ಮೇಲೆ ಇರಬಾರದು."

ಜೈನಬಕ್ಕ ಮತ್ತೆ ಗದರಲಿಲ್ಲ. ಎರಡೂ ಕೈಯಿಂದ ಮಣೆಯನ್ನು ತೆಗೆದುಕೊಂಡರು. "ಬಂತು," ಎಂದರು ಸ್ಪಷ್ಟವಾಗಿ, ಗೋಡೆಯಾಚೆಯ ಅಂಗಡಿಯಲ್ಲಿ ಕುಳಿತ ಗಂಡನಿಗೂ ಕೇಳಿಸುವ ಹಾಗೆ. "ನನ್ನದು ನನಗೆ ಬಂತು. ಅವನ ಮೇಲೆ ಇನ್ನು ಏನೂ ಇಲ್ಲ."

ಆಮೇಲೆ ಬಟ್ಟಲಿನ ಮುಚ್ಚಳ ತೆಗೆದರು. ಒಂದು ಚಿಟಿಕೆ ಎತ್ತಿ ಅಂಗೈಯಲ್ಲಿ ಹರಡಿಕೊಂಡು, ಬಾಗಿಲಿನ ಬೆಳಕಿಗೆ ಹಿಡಿದು ನೋಡಿದರು.

"ಯಾರು ತುರಿದದ್ದು?"

"ನಾನು."

"ಹೌದು," ಎಂದರು ಜೈನಬಕ್ಕ. ಅಂಗೈಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡು, ಮೆಲ್ಲ ಅಗಿದು, ನುಂಗಿದರು. "ಇದು ನಿನ್ನದೇ. ಮಿಸ್ಬಾಹನದ್ದು ಇನ್ನೂ ಸಣ್ಣ ಬರ್ತಿತ್ತು."

ಹೆರೆಮಣೆ ಅಡುಗೆಮನೆಯ ಮೂಲೆಯ ತನ್ನ ಜಾಗಕ್ಕೆ ಹೋಗಿ ಗೋಡೆಗೆ ಒರಗಿತು. ಬಾಗಿಲಲ್ಲಿ ನಿಂತ ಮುಹ್ಸಿನಾಳ ತೋಳು ಅದನ್ನು ಒತ್ತಿ ಹಿಡಿದಿದ್ದಾಗಿನ ಹಾಗೆಯೇ ಮಡಚಿಕೊಂಡಿತ್ತು; ಬಿಡಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ.